ಅಲೆ ಕಮ್ಮಿ ಇದ್ದ ಜಾಗವೇ ಅಪಾಯದ ಜಾಗವಾಗಿತ್ತು: ಫ್ಲೋರಿಡಾ ಬೀಚಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ

ಬೇಸಿಗೆ ರಜೆಗೆ ಫ್ಲೋರಿಡಾಗೆ ಹೊರಟಿದ್ದೀರಾ? ಆರ್ಲ್ಯಾಂಡೊದಲ್ಲಿ ನಾಲ್ಕು ದಿನ ಥೀಮ್ ಪಾರ್ಕು, ನಡುವೆ ಒಂದು ದಿನ ಬೀಚು ಅಂತ ಲೆಕ್ಕ ಹಾಕಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ಜುಲೈನಲ್ಲಿ ನಾವೂ ಇದೇ ಲೆಕ್ಕ ಹಾಕಿಕೊಂಡು ಹೋದೆವು. ನಮ್ಮವರು ಮತ್ತು ಒಂಬತ್ತು ವರ್ಷದ ಮಗ, ಇಬ್ಬರನ್ನೂ ನನ್ನ ಕಣ್ಣೆದುರಿಗೇ ಸಮುದ್ರ ಎಳೆದುಕೊಂಡು ಹೋಯಿತು. ಇಬ್ಬರೂ ವಾಪಸ್ ಬಂದರು, ದೇವರು ದೊಡ್ಡವನು. ಅವತ್ತು ನಾವು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡಬಾರದು ಅಂತ ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಷಾರ್ಲಟ್‌ನಲ್ಲಿ. ದಾವಣಗೆರೆಯಿಂದ ಅತ್ತೆ, ಮಾವ ಬಂದಿದ್ದರು. ಎರಡು ದಿನ ಬಿಸಿಲಲ್ಲಿ ಕ್ಯೂ ನಿಂತು ಅತ್ತೆಯ ಕಾಲು ಊದಿಕೊಂಡಿತ್ತು. "ನಾಳೆ ಎಲ್ಲಾದ್ರೂ ನೀರಿರೋ ಕಡೆ ಸುಮ್ನೆ ಕೂತು ಬರೋಣ" ಅಂದರು. ನಮಗೂ ಅದೇ ಬೇಕಿತ್ತು.

ಬೀಚನ್ನು ಆರಿಸಿದ್ದು ಹೇಗೆ ಅಂತ ಹೇಳಲೇಬೇಕು, ಏಕೆಂದರೆ ತಪ್ಪು ಶುರುವಾಗಿದ್ದೇ ಅಲ್ಲಿ. ರಾತ್ರಿ ಹತ್ತು ಗಂಟೆಗೆ ಮ್ಯಾಪ್ ತೆಗೆದು ಹತ್ತಿರ ಯಾವುದು ಅಂತ ನೋಡಿದೆವು. ಪೂರ್ವಕ್ಕೆ ಅಟ್ಲಾಂಟಿಕ್ ಕಡೆ ಹೋದರೆ ಸುಮಾರು 60 ಮೈಲಿ, 528ನೇ ಟೋಲ್ ರಸ್ತೆಯಲ್ಲಿ ಒಂದು ಗಂಟೆ ಚಿಲ್ಲರೆ. ನಾವು ಉಳಿದಿದ್ದ ಬಾಡಿಗೆ ಮನೆಯ ಫೈಲಿನಲ್ಲಿ ಆ ಕಡೆಯ ಒಂದು ಬೀಚಿನ ಬಗ್ಗೆ ಮಾಲೀಕರು ಬರೆದಿಟ್ಟಿದ್ದರು. ಜನ ಕಮ್ಮಿ, ಪಾರ್ಕಿಂಗ್ ಫ್ರೀ, ಮಕ್ಕಳಿರುವವರಿಗೆ ಚೆನ್ನಾಗಿದೆ ಅಂತ. ಫೋಟೊ ಚೆನ್ನಾಗಿತ್ತು. ಅಷ್ಟು ಸಾಕಾಯಿತು ನಮಗೆ. ಅಲ್ಲಿ ಲೈಫ್‌ಗಾರ್ಡ್ ಇರುತ್ತಾರಾ ಅಂತ ಫೈಲಿನಲ್ಲಿ ಬರೆದಿರಲಿಲ್ಲ. ನಾವೂ ಕೇಳಲಿಲ್ಲ.

ಬೆಳಿಗ್ಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೊರಟೆವು. ತಲುಪಿದಾಗ ಹನ್ನೊಂದೂವರೆ. ಎರಡು ಅಪಾರ್ಟ್‌ಮೆಂಟುಗಳ ನಡುವೆ ಮರದ ಕಾಲುದಾರಿ, ಅದು ದಾಟಿದರೆ ಸಮುದ್ರ. ನಿಜವಾಗಲೂ ಜನ ಇರಲಿಲ್ಲ. ದೂರದಲ್ಲಿ ಒಂದಿಬ್ಬರು ಸರ್ಫಿಂಗ್ ಹಲಗೆ ಹಿಡಿದವರು, ಅಷ್ಟೆ. ಬಾವುಟ ಕಟ್ಟಿದ ಕಂಬ ಎಲ್ಲೂ ಕಾಣಲಿಲ್ಲ. "ಬಾವುಟ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ವಾ" ಅಂದರು ನಮ್ಮವರು. ನಾನೂ ಹೂಂ ಅಂದೆ.

ಆ ನೀರು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಡಕ್ಕೆ ಬಿಳಿ ನೊರೆ ಎಬ್ಬಿಸಿ ಅಲೆ ಒಡೆಯುತ್ತಿತ್ತು. ಬಲಕ್ಕೂ ಹಾಗೇ. ನಡುವೆ ಒಂದು 30x40 ಅಡಿ ಸೈಟಿನ ಅಗಲದಷ್ಟು ಜಾಗದಲ್ಲಿ ಮಾತ್ರ ಅಲೆಯೇ ಇಲ್ಲ. ನೀರು ಸ್ವಲ್ಪ ಕಪ್ಪಗೆ, ಸಮತಟ್ಟಾಗಿ ಇತ್ತು. ಅದರ ಮೇಲೆ ನೊರೆಯ ಚೂರುಗಳು ನಿಧಾನವಾಗಿ ದಡದಿಂದ ಆಚೆಗೆ ಹೋಗುತ್ತಿದ್ದವು. ಅಲೆ ದಡಕ್ಕೆ ಬರಬೇಕು, ನೊರೆ ಮಾತ್ರ ಯಾಕೆ ಒಳಕ್ಕೆ ಹೋಗ್ತಿದೆ ಅಂತ ನನಗೆ ಅನ್ನಿಸಲೇ ಇಲ್ಲ. "ಇಲ್ಲಿ ಅಲೆ ಕಮ್ಮಿ ಇದೆ ನೋಡಿ, ಮಗೂಗೆ ಇಲ್ಲೇ ಸರಿ" ಅಂದವಳು ನಾನೇ.

ಅದು ರಿಪ್ ಕರೆಂಟ್. ನಮ್ಮ ಕರಾವಳಿಯವರು ಸೆಳೆತ ಅನ್ನುತ್ತಾರಲ್ಲ, ಅದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹೇಗಾದರೂ ವಾಪಸ್ ಹೋಗಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದರೆ ಅಷ್ಟೂ ನೀರು ಆ ದಾರಿ ಹಿಡಿಯುತ್ತದೆ, ಕೆರೆಯ ತೂಬು ಎತ್ತಿದಾಗ ನುಗ್ಗುವ ಹಾಗೆ. ತಗ್ಗಿನಲ್ಲಿ ಆಳ ಜಾಸ್ತಿ, ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಅದಕ್ಕೇ ನಮ್ಮಂಥ ಬಯಲುಸೀಮೆಯವರ ಕಣ್ಣಿಗೆ ಅದೇ ಶಾಂತವಾದ ಜಾಗದ ಹಾಗೆ ಕಾಣುತ್ತದೆ. ಜೋರಿದ್ದಾಗ ಆ ಹರಿವು ಸೆಕೆಂಡಿಗೆ 8 ಅಡಿವರೆಗೂ ಹೋಗುತ್ತದೆ. ಒಲಿಂಪಿಕ್ಸ್ ಈಜುಗಾರರೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರರು.

ನಮ್ಮವರಿಗೆ ಈಜು ಬರುತ್ತದೆ. ಚಿಕ್ಕಂದಿನಲ್ಲಿ ಭದ್ರಾ ನಾಲೆಯಲ್ಲಿ ಕಲಿತವರು. ಆ ಧೈರ್ಯದಲ್ಲೇ ಮಗನ ಕೈ ಹಿಡಿದು ಸೊಂಟದವರೆಗೆ ನೀರಿಗೆ ಇಳಿದರು. ನಾನು ಚಿಕ್ಕವಳಿಗೆ ಸನ್‌ಸ್ಕ್ರೀನ್ ಹಚ್ಚುತ್ತಿದ್ದೆ. ಒಂದು ಕೈಗೆ ಹಚ್ಚಿ ತಲೆ ಎತ್ತಿದರೆ ಇಬ್ಬರೂ ದೂರ ಇದ್ದರು. ಇನ್ನೊಂದು ಕೈಗೆ ಹಚ್ಚುವಷ್ಟರಲ್ಲಿ ತಲೆ ಮಾತ್ರ ಕಾಣುತ್ತಿತ್ತು. ಆಟ ಆಡ್ತಿದ್ದಾರೆ ಅಂದುಕೊಂಡೆ. ಅವರಿಬ್ಬರೂ ಕೂಗಲಿಲ್ಲ, ಕಿರುಚಲಿಲ್ಲ. ನೀರಲ್ಲಿ ಸಿಕ್ಕಿಕೊಂಡವರು ಕೂಗುತ್ತಾರೆ ಅಂತ ನಾವು ಸಿನಿಮಾ ನೋಡಿ ನಂಬಿರುತ್ತೇವೆ. ಅವರಿಗೆ ಉಸಿರಾಡುವುದೇ ಕಷ್ಟ ಆಗಿರುತ್ತದೆ, ಕೂಗುವುದು ಎಲ್ಲಿಂದ ಬಂತು.

ಮೊದಲು ಕಂಡುಹಿಡಿದದ್ದು ಮಾವ. "ಅವ್ನು ಈ ಕಡೆ ಈಜ್ತಿದಾನೆ, ಆದ್ರೆ ಹಿಂದಕ್ಕೇ ಹೋಗ್ತಿದಾನೆ" ಅಂದರು. ಅಂದವರೇ ಪ್ಯಾಂಟ್ ಸಮೇತ ನೀರಿಗೆ ಹೊರಟರು. ಎಪ್ಪತ್ತೊಂದು ವರ್ಷ, ಈಜು ಬರಲ್ಲ. ನಾನು ಓಡಿ ಹೋಗಿ ಅವರ ಷರ್ಟ್ ಹಿಡಿದು ಎಳೆದೆ. ಒಂದು ಗುಂಡಿ ಕಿತ್ತು ನನ್ನ ಕೈಗೆ ಬಂತು. ಆ ಗುಂಡಿ ಈಗಲೂ ನನ್ನ ಪರ್ಸಿನಲ್ಲಿದೆ. ಕಾಪಾಡಲು ಹೋದವರೇ ಮುಳುಗಿಹೋಗುವುದು ತುಂಬಾ ಸಲ ಆಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೋಗಲೇಬೇಕು ಅಂದರೆ ತೇಲುವ ವಸ್ತು ಏನಾದರೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಇಲ್ಲಿನ ತುರ್ತು ಸಹಾಯದ ನಂಬರು 911ಗೆ ಫೋನ್ ಮಾಡಿ, ದಡದಲ್ಲೇ ನಿಂತು ಅವರ ಮೇಲಿನ ಕಣ್ಣು ತೆಗೆಯದೆ ಇರಬೇಕು.

ಸರ್ಫಿಂಗ್ ಮಾಡುತ್ತಿದ್ದ ಹುಡುಗನೊಬ್ಬ ನೋಡಿದ. ಹದಿನೇಳು ಹದಿನೆಂಟು ಇರಬಹುದು. ಹಲಗೆ ಮೇಲೆ ಮಲಗಿ ಕೈಯಲ್ಲೇ ನೀರು ತಳ್ಳಿಕೊಂಡು ಬಂದ. ಮಗನನ್ನು ಹಲಗೆ ಮೇಲೆ ಎಳೆದು ಹಾಕಿಕೊಂಡ. ನಮ್ಮವರಿಗೆ ಕೂಗಿ ಹೇಳಿದ: ದಡದ ಕಡೆ ಈಜಬೇಡಿ, ಸುಮ್ನೆ ಮುಖ ಮೇಲೆ ಮಾಡಿಕೊಂಡು ತೇಲಿ, ಆಮೇಲೆ ಪಕ್ಕಕ್ಕೆ ಹೋಗಿ ಅಂತ. ಆ ಮಾತೇ ಅವರನ್ನು ಉಳಿಸಿತು. ರಿಪ್ ಕರೆಂಟ್ ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಎದುರಾಗಿ ಈಜಿ ಈಜಿ ಸುಸ್ತಾಗಿ ಜನ ಮುಳುಗುತ್ತಾರೆ. ಆ ಪಟ್ಟಿ ಹೆಚ್ಚು ಅಗಲ ಇರುವುದಿಲ್ಲ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಅದರಿಂದ ಹೊರಗೆ ಬರಬಹುದು, ಆಮೇಲೆ ಅಲೆಗಳೇ ದಡಕ್ಕೆ ತಳ್ಳುತ್ತವೆ. ನಮ್ಮವರು ನಾವಿದ್ದ ಜಾಗದಿಂದ ತುಂಬಾ ದೂರದಲ್ಲಿ ದಡ ಹತ್ತಿದರು. ಮಂಡಿ ಊರಿ ಕೂತವರು ಹತ್ತು ನಿಮಿಷ ಮಾತೇ ಆಡಲಿಲ್ಲ.

ಆ ಹುಡುಗ ಹೋಗುವ ಮುಂಚೆ ಒಂದು ಮಾತು ಹೇಳಿದ. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಲೈಫ್‌ಗಾರ್ಡ್ ಗೋಪುರ ಇದೆ, ಅಲ್ಲಿ ಬೆಳಿಗ್ಗೆಯಿಂದ ಕೆಂಪು ಬಾವುಟ ಹಾರುತ್ತಿದೆ ಅಂತ. ಐದು ನಿಮಿಷದ ಡ್ರೈವ್. ಪಾರ್ಕಿಂಗ್ ಫ್ರೀ ಅಂತ ನಾವು ಇಲ್ಲಿಗೆ ಬಂದಿದ್ದೆವು.

ಬಾವುಟದ ವಿಷಯ ನಮ್ಮ ಕನ್ನಡದವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಫ್ಲೋರಿಡಾದ ಉದ್ದಕ್ಕೂ ಒಂದೇ ಪದ್ಧತಿ. ಹಸಿರು ಅಂದರೆ ಅಪಾಯ ಕಮ್ಮಿ, ಆದರೂ ಹುಷಾರು. ಹಳದಿ ಅಂದರೆ ಅಲೆ ಅಥವಾ ಸೆಳೆತ ಮಧ್ಯಮ. ಕೆಂಪು ಅಂದರೆ ಜೋರು. ಕೆಂಪು ಎರಡು ಹಾರುತ್ತಿದ್ದರೆ ನೀರಿಗೆ ಇಳಿಯುವುದೇ ನಿಷಿದ್ಧ. ನೇರಳೆ ಬಣ್ಣದ್ದು ಜೆಲ್ಲಿಫಿಶ್ ಥರ ಕುಟುಕುವ ಜೀವಿಗಳಿಗೆ. ಹಳದಿ ಇದ್ದಾಗ ಮಕ್ಕಳನ್ನು ಕಾಲು ಮುಳುಗುವಷ್ಟು ನೀರಿನಿಂದ ಆಚೆ ಬಿಡುವುದು ಬೇಡ ಅನ್ನುವುದು ಈಗ ನನ್ನ ನಿಯಮ. ಇನ್ನೊಂದು ಮುಖ್ಯ ವಿಷಯ. ಬಾವುಟ ಇಲ್ಲದಿದ್ದರೆ ನೀರು ಸುರಕ್ಷಿತ ಅಂತ ಅರ್ಥ ಅಲ್ಲ. ಬಾವುಟದ ಫಲಕಗಳ ಮೇಲೆ ಇದನ್ನು ಬರೆದೇ ಇರುತ್ತಾರೆ. ನಾವು ಹೋದ ಕಡೆ ಫಲಕವೂ ಇರಲಿಲ್ಲ.

ಆದ್ದರಿಂದ ಬೀಚ್ ಆರಿಸುವಾಗ ಮೊದಲ ಪ್ರಶ್ನೆ ದೂರ ಎಷ್ಟು ಅಂತ ಅಲ್ಲ, ಮರಳು ಹೇಗಿದೆ ಅಂತ ಅಲ್ಲ. ನಾವು ಹೋಗುವ ದಿನ, ಹೋಗುವ ಹೊತ್ತಿಗೆ ಅಲ್ಲಿ ಲೈಫ್‌ಗಾರ್ಡ್ ಇರುತ್ತಾರಾ? ಒಂದೇ ಬೀಚಿನಲ್ಲೂ ಒಂದು ದ್ವಾರದ ಹತ್ತಿರ ಇರುತ್ತಾರೆ, ಮುಂದಿನದರಲ್ಲಿ ಇರುವುದಿಲ್ಲ. ಲೈಫ್‌ಗಾರ್ಡ್ ಇರುವ ಬೀಚಿನಲ್ಲಿ ಮುಳುಗಿ ಸಾಯುವ ಸಂಭವ 1.8 ಕೋಟಿಯಲ್ಲಿ ಒಂದು ಅಂತ ಅಮೆರಿಕದ ಲೈಫ್‌ಸೇವಿಂಗ್ ಅಸೋಸಿಯೇಷನ್‌ನ ಅಂದಾಜು. ಎರಡನೆಯದು, ಇಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ಆಯಾ ಕರಾವಳಿಗೆ ರಿಪ್ ಕರೆಂಟ್ ಅಪಾಯ ಕಮ್ಮಿ, ಮಧ್ಯಮ, ಜಾಸ್ತಿ ಅಂತ ದಿನಾ ಪ್ರಕಟಿಸುತ್ತದೆ. ಹೊರಡುವ ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದರೆ ಸಾಕು. ಆಕಾಶ ತಿಳಿಯಾಗಿ ಬಿಸಿಲು ಚೆನ್ನಾಗಿ ಬಿದ್ದ ದಿನವೂ ಅಪಾಯ ಜಾಸ್ತಿ ಇರಬಹುದು. ನೂರಾರು ಮೈಲಿ ದೂರದ ಚಂಡಮಾರುತದ ಅಲೆ ಸಾಕು ಅದಕ್ಕೆ.

ಇದು ನಮಗೊಬ್ಬರಿಗೇ ಆದದ್ದಲ್ಲ. 2024ರ ಜೂನ್‌ನಲ್ಲಿ ಫ್ಲೋರಿಡಾದ ಹಚಿನ್ಸನ್ ದ್ವೀಪದ ಬೀಚಿನಲ್ಲಿ ಪೆನ್ಸಿಲ್ವೇನಿಯಾದಿಂದ ಆರು ಮಕ್ಕಳ ಜೊತೆ ರಜೆಗೆ ಬಂದಿದ್ದ ಜೋಡಿಯೊಂದು ರಿಪ್ ಕರೆಂಟಿಗೆ ಸಿಕ್ಕಿ ತೀರಿಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದ ಸುದ್ದಿ ನೀವೂ ಓದಿರುತ್ತೀರಿ. ಸಮುದ್ರ ನೋಡಿ ಬೆಳೆಯದವರು ಸಮುದ್ರಕ್ಕೆ ಇಳಿದಾಗ ಆಗುವ ಸಂಕಟ ಎಲ್ಲ ಕಡೆ ಒಂದೇ.

ಆರ್ಲ್ಯಾಂಡೊದಿಂದ ಪಶ್ಚಿಮಕ್ಕೆ, ಗಲ್ಫ್ (ಮೆಕ್ಸಿಕೊ ಕೊಲ್ಲಿ) ಕಡೆ ಹೋದರೆ ನೀರು ಸಾಮಾನ್ಯವಾಗಿ ಇನ್ನೂ ಶಾಂತ. ಕ್ಲಿಯರ್‌ವಾಟರ್‌ಗೆ ಸುಮಾರು 110 ಮೈಲಿ, ಸರಸೋಟಾ ಹತ್ತಿರದ ಸಿಯೆಸ್ಟಾ ಕೀಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಐ-4 ರಸ್ತೆಯ ಟ್ರಾಫಿಕ್ ಸೇರಿದರೆ ಎರಡು ಗಂಟೆಗೂ ಮೀರುತ್ತದೆ. ಆದರೂ ಮಕ್ಕಳು, ವಯಸ್ಸಾದವರು ಇದ್ದರೆ ಆ ಕಡೆಗೇ ಹೋಗಿ ಅನ್ನುತ್ತೇನೆ. ಎರಡೂ ಕಡೆ ಮುಖ್ಯ ಬೀಚಿನಲ್ಲಿ ಲೈಫ್‌ಗಾರ್ಡ್ ಇರುತ್ತಾರೆ. ಹಾಗಂತ ಗಲ್ಫ್ ಅಂದರೆ ಎಲ್ಲಾ ಕಡೆ ಶಾಂತ ಅಂದುಕೊಳ್ಳಬೇಡಿ. ಉತ್ತರದ ಡೆಸ್ಟಿನ್, ಪನಾಮಾ ಸಿಟಿ ಬೀಚ್ ಕೂಡ ಗಲ್ಫ್ ಕಡೆಯವೇ. ಅಟ್ಲಾಂಟಾದಿಂದ ಎಷ್ಟೋ ಕನ್ನಡದ ಕುಟುಂಬಗಳು ಕಾರಿನಲ್ಲಿ ಹೋಗಿಬರುವ ಜಾಗಗಳು ಅವು. ಅಲ್ಲಿ ರಿಪ್ ಕರೆಂಟಿಗೆ ಜನ ಸಾಯುವುದು ಪದೇ ಪದೇ ಆಗಿದೆ.

ಗಲ್ಫ್ ಕಡೆಗೆ ಬೇರೆ ತೊಂದರೆ ಒಂದಿದೆ, ರೆಡ್ ಟೈಡ್. ಕರೇನಿಯಾ ಬ್ರೆವಿಸ್ ಅನ್ನುವ ಸೂಕ್ಷ್ಮ ಪಾಚಿ ಹೆಚ್ಚಾದಾಗ ಮೀನುಗಳು ಸತ್ತು ದಡಕ್ಕೆ ಬಂದು ಬೀಳುತ್ತವೆ. ಗಾಳಿ ದಡದ ಕಡೆ ಬೀಸಿದರೆ ದಡದಲ್ಲಿ ಕೂತವರಿಗೂ ಕೆಮ್ಮು, ಕಣ್ಣುರಿ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅಂಥ ದಿನ ಹೋಗಲೇಬೇಡಿ. ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗ ಎಲ್ಲೆಲ್ಲಿ ಇದೆ ಅಂತ ಮ್ಯಾಪ್ ಹಾಕುತ್ತದೆ.

ಡೇಟೋನಾ ಕಡೆ ಮರಳಿನ ಮೇಲೇ ಕಾರು ಓಡಿಸಲು ಬಿಡುತ್ತಾರೆ, ಅದು ಗೊತ್ತಿರಲಿ. ಸಮುದ್ರದ ಸದ್ದಿನಲ್ಲಿ ಕಾರು ಬರುವುದು ಕೇಳುವುದಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಹೆಚ್ಚುಕಮ್ಮಿ ದಿನಾ ಇರುತ್ತದೆ. ಗುಡುಗು ಕೇಳಿದ ಕೂಡಲೇ ಕಾರಿಗೆ ಓಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ. ಮಕ್ಕಳು ಮರಳಲ್ಲಿ ಗುಂಡಿ ತೋಡುವುದನ್ನು ಆಟ ಅಂತ ಬಿಟ್ಟುಬಿಡುತ್ತೇವೆ. 2024ರ ಫೆಬ್ರವರಿಯಲ್ಲಿ ಲಾಡರ್‌ಡೇಲ್ ಬೈ ದ ಸೀ ಅನ್ನುವ ಊರಿನ ಬೀಚಿನಲ್ಲಿ ಅಣ್ಣನ ಜೊತೆ ಗುಂಡಿ ತೋಡುತ್ತಿದ್ದ ಏಳು ವರ್ಷದ ಹುಡುಗಿ ಮರಳು ಕುಸಿದು ತೀರಿಕೊಂಡಳು. ಮಗುವಿನ ಮಂಡಿಗಿಂತ ಆಳ ತೋಡಲು ಬಿಡಬೇಡಿ.

ಈ ಏಪ್ರಿಲ್‌ನಲ್ಲಿ ನನ್ನ ಅಮ್ಮ ಬಂದಿದ್ದಾಗ ಮತ್ತೆ ಹೋದೆವು, ಸಿಯೆಸ್ಟಾ ಕೀಗೆ. ಮಗ ಬರಲ್ಲ ಅಂತ ಹಟ ಹಿಡಿದಿದ್ದ. ನೀರಿಗೆ ಇಳಿಯುವುದು ಬೇಡ, ಸುಮ್ನೆ ಕೂತಿರು ಅಂತ ಒಪ್ಪಿಸಿದೆವು. ಪಾರ್ಕಿಂಗ್ ಬೇಗ ತುಂಬುತ್ತದೆ ಅಂತ ಒಂಬತ್ತಕ್ಕೆ ಮುಂಚೆಯೇ ತಲುಪಿದೆವು. ಅಲ್ಲಿನ ಮರಳು ನೂರಕ್ಕೆ 99 ಪಾಲು ಸ್ಫಟಿಕ ಶಿಲೆಯದು, ರಾಗಿ ಹಿಟ್ಟಿನಷ್ಟು ನುಣುಪು, ಬಿಸಿಲಲ್ಲೂ ಸುಡುವುದಿಲ್ಲ. ಅಮ್ಮನಿಗೆ ಮಂಡಿ ನೋವು. ಚಪ್ಪಲಿ ಬಿಟ್ಟು ನಿಧಾನಕ್ಕೆ ನಡೆದು ನೀರಿನವರೆಗೂ ಹೋದರು. ನೀರಲ್ಲಿ ಕಾಲು ಎತ್ತಿ ಇಡಬೇಡಿ, ನೆಲಕ್ಕೆ ಉಜ್ಜಿಕೊಂಡು ನಡೆಯಿರಿ, ಮರಳಡಿ ಅಡಗಿರುವ ವಿಷದ ಮುಳ್ಳಿನ ಮೀನು ಸ್ಟಿಂಗ್‌ರೇ ಸರಿದು ಹೋಗುತ್ತವೆ ಅಂತ ಲೈಫ್‌ಗಾರ್ಡ್ ಹೇಳಿಕೊಟ್ಟರು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅವು ದಡದ ಹತ್ತಿರ ಬರುತ್ತವಂತೆ.

ಮಗ ಚಾಪೆ ಮೇಲೆ ಅರ್ಧ ಗಂಟೆ ಕೂತಿದ್ದ. ಆಮೇಲೆ ಎದ್ದು, ಯಾರಿಗೂ ಹೇಳದೆ, ಲೈಫ್‌ಗಾರ್ಡ್ ಗೋಪುರದ ಕೆಳಗೆ ಹೋಗಿ ನಿಂತ. ಇವತ್ತು ರಿಪ್ ಎಲ್ಲಿದೆ ಅಂತ ಕೇಳಿದನಂತೆ. ಆಕೆ ಇಳಿದು ಬಂದು ಅವನ ಪಕ್ಕ ಮಂಡಿಯೂರಿ ಕೂತು, ಇವತ್ತು ಇಲ್ಲಿ ಇಲ್ಲ, ಬಾವುಟ ಹಸಿರು ಅಂತ ತೋರಿಸಿದರು. ಅವನು ಆ ಬಾವುಟವನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಅಮ್ಮನ ಹತ್ತಿರ ಹೋಗಿ, "ಅಜ್ಜಿ, ನಾನೂ ಬರ್ತೀನಿ, ಪಾದದವರೆಗೆ ಮಾತ್ರ" ಅಂದು ಕೈ ಕೊಟ್ಟ.