ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಮಿಂಟ್ 22 ಎಕ್ಸ್‌ಎಫ್‌ಸಿಇ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಇಂಥ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪೊಂದರಲ್ಲಿ ವಿಂಡೋಸನ್ನು ತೆಗೆಯದೆ, ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್ 22ರ ಹಗುರ ಡೆಸ್ಕ್‌ಟಾಪಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿ ಬಳಸುತ್ತಿದ್ದೇನೆ. ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04ರ ಮೇಲೆ ಕಟ್ಟಿದ ಈ ಆವೃತ್ತಿಗೆ 2029ರವರೆಗೆ ಅಪ್‌ಡೇಟ್‌ಗಳಿವೆ.

ಇನ್‌ಸ್ಟಾಲರ್ ಸರಳವಾಗಿದೆ. ವಿಂಡೋಸ್ ಜೊತೆಗೇ ಸ್ಥಾಪಿಸುವ ಆಯ್ಕೆಯನ್ನು ಒತ್ತಿ, ಡಿಸ್ಕಿನ ಚಿತ್ರದ ನಡುವಿನ ಗೆರೆಯನ್ನು ಎಳೆದು ಯಾವುದಕ್ಕೆ ಎಷ್ಟು ಜಾಗ ಎಂದು ತೋರಿಸಿದರೆ ಸಾಕು. ನಿಜವಾದ ಕೆಲಸವಿರುವುದು ಅದಕ್ಕೂ ಮೊದಲು, ವಿಂಡೋಸ್ ಒಳಗೆ. ಫಾಸ್ಟ್ ಸ್ಟಾರ್ಟಪ್ ಆನ್ ಆಗಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ರೆಯಲ್ಲಿರುವುದರಿಂದ, ಸಿ ಡ್ರೈವಿನ ಕಡತಗಳನ್ನು ಮಿಂಟ್‌ನಲ್ಲಿ ಓದಲಾದರೂ ಅವುಗಳಲ್ಲಿ ಏನನ್ನೂ ಬರೆಯಲಾಗದು. ಅದನ್ನು ಆಫ್ ಮಾಡಬೇಕು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಬ್ಯಾಕಪ್ ಅಂತೂ ಇರಲೇಬೇಕು. ಇಷ್ಟನ್ನೂ ಬಳಕೆದಾರರೇ ಹುಡುಕಿಕೊಳ್ಳಲಿ ಎಂಬಂತೆ ಇನ್‌ಸ್ಟಾಲರ್ ಸುಮ್ಮನಿರುವುದು ನನಗೆ ಸರಿಯೆನಿಸಲಿಲ್ಲ.

ಸ್ಥಾಪಿಸಿದ ಬಳಿಕ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಎಂಬ ಜಾಗತಿಕ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಮಿಂಟ್‌ನಲ್ಲಿ ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ಟೈಮ್‌ಡೇಟ್‌ಸಿಟಿಎಲ್ (timedatectl) ಆದೇಶದಿಂದ ಸ್ಥಳೀಯ ಸಮಯಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಡ್ರೈವರ್ ಬೇರೆಯಾಗಿ ಇಳಿಸಿಕೊಳ್ಳಬೇಕು. ಅಲ್ಲಿಯವರೆಗೆ ಯುಎಸ್‌ಬಿ ಕೇಬಲ್ಲಿನಲ್ಲಿ ಮೊಬೈಲಿನ ಇಂಟರ್ನೆಟ್ಟೇ ಗತಿ.

ವೇಗದ ವಿಚಾರದಲ್ಲಿ ದೂರಿಲ್ಲ, ಆದರೆ ಪವಾಡವೂ ಇಲ್ಲ: ಡೆಸ್ಕ್‌ಟಾಪ್ ಹಗುರವಾದರೂ ಬ್ರೌಸರ್‌ನಲ್ಲಿ ಟ್ಯಾಬ್‌ಗಳು ಹೆಚ್ಚಿದಂತೆ 4 ಜಿಬಿ ಸಾಲದೆ ಬರುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಕನ್ನಡ ಟೈಪಿಂಗ್. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕಗಪ ವಿನ್ಯಾಸವನ್ನು ಸೇರಿಸಿದರೆ, ನುಡಿ ತಂತ್ರಾಂಶ ಬಳಸಿ ಪಳಗಿದ ಕೈಗೆ ಹೆಚ್ಚಿನ ಹೊಸ ಅಭ್ಯಾಸ ಬೇಕಾಗದು. ಆದರೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿರುವ ಕಡತಗಳು ಇಲ್ಲಿ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತವೆ. ಟ್ಯಾಲಿಗೂ ಲಿನಕ್ಸ್ ಆವೃತ್ತಿಯಿಲ್ಲ. ಆದ್ದರಿಂದ ಕಚೇರಿ ಕೆಲಸಕ್ಕೆ ಇವೆರಡನ್ನು ನೆಚ್ಚಿಕೊಂಡವರು ವಿಂಡೋಸನ್ನು ಅಳಿಸದೆ, ಅದರ ಪಕ್ಕದಲ್ಲೇ ಮಿಂಟ್‌ಗೆ 40 ಜಿಬಿಯಷ್ಟು ಜಾಗ ಕೊಟ್ಟು, ಇಂಟರ್ನೆಟ್ ಕೆಲಸವನ್ನೆಲ್ಲ ಮಿಂಟ್‌ನಲ್ಲೇ ಮಾಡಿಕೊಳ್ಳುವುದು ಒಳ್ಳೆಯದು.