ಹುಡುಗಿಯನ್ನು ಸದ್ದಿಲ್ಲದೆ ಮನೆಗೆ ಕರೆತಂದು ನಾವು ಮಾಡಿದ ತಪ್ಪು

ನನ್ನ ಅಕ್ಕನ ಮಗಳನ್ನು ಬೆಂಗಳೂರಿನ ಹೊರವಲಯದ ಒಂದು ಮನೆಯಿಂದ ನಾವೇ ಬಾಡಿಗೆ ಕಾರು ಮಾಡಿಕೊಂಡು ಹೋಗಿ ಬಿಡಿಸಿ ತಂದೆವು. ಜೊತೆಯಲ್ಲಿ ಪೊಲೀಸರಿರಲಿಲ್ಲ, ಯಾವ ಅಧಿಕಾರಿಯೂ ಇರಲಿಲ್ಲ. ಊರಿನಲ್ಲಿ ಯಾರಿಗೂ ತಿಳಿಯದಂತೆ ನಡುರಾತ್ರಿ ಹೊಸನಗರ ದಾಟಿ ಮನೆ ಸೇರಿದೆವು. ಕೂಸು ಸಿಕ್ಕಿತಲ್ಲ, ಮರ್ಯಾದೆ ಉಳಿಯಿತಲ್ಲ ಎಂದು ಅಂದು ಸಮಾಧಾನಪಟ್ಟುಕೊಂಡಿದ್ದೆವು. ಆ ಗುಟ್ಟಿನಿಂದ ಅವಳು ಏನೇನು ಕಳೆದುಕೊಂಡಳು ಎಂಬುದು ನನಗೆ ಅರ್ಥವಾದದ್ದು ಏಳು ತಿಂಗಳ ನಂತರ, ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರೊಬ್ಬರ ಎದುರು ಕುಳಿತಾಗ.

ಅವಳಿಗೆ ಆಗ 19 ವರ್ಷ. ಭಾವನಿಗೆ ಇರುವುದು ಒಂದು ಎಕರೆಗೂ ಕಡಿಮೆ ಅಡಿಕೆ ತೋಟ. 2024ರ ಮಳೆಗಾಲದಲ್ಲಿ ಕೊಳೆರೋಗ ಬಂದು ಅರ್ಧ ಫಸಲು ನೆಲ ಕಂಡಿತ್ತು, ಸೊಸೈಟಿ ಸಾಲದ ಕಂತು ಬಾಕಿಯಿತ್ತು. ದೀಪಾವಳಿ ಕಳೆದ ಮೇಲೆ ಒಂದು ಮದುವೆಮನೆಯಲ್ಲಿ ದೂರದ ಸಂಬಂಧದ ಹೆಂಗಸೊಬ್ಬಳು ಅಕ್ಕನ ಪಕ್ಕ ಕುಳಿತು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ತಿಂಗಳಿಗೆ 15,000 ಸಂಬಳ, ವರ್ಷ ಕಳೆದರೆ ನರ್ಸಿಂಗ್ ಸರ್ಟಿಫಿಕೇಟ್ ಎಂದಳು. "ನನ್ನ ಮಗಳ ಹಾಗೇ ನೋಡ್ಕೊಳ್ತೀನಿ ಅಕ್ಕಾ" ಎಂದು ಹೇಳಿ, ವಾರದೊಳಗೆ ಭಾವನ ಕೈಗೆ 30,000 ಮುಂಗಡ ಕೊಟ್ಟಳು. ಅಕ್ಕ ನನ್ನನ್ನು ಕೇಳಿದಾಗ, ಹೋಗಲಿ ಎಂದವನು ನಾನೇ. ಕೆಲಸದ ಮನೆಯ ವಿಳಾಸವನ್ನಾಗಲೀ ಮಾಲೀಕರ ಹೆಸರನ್ನಾಗಲೀ ನಾನು ಕೇಳಲಿಲ್ಲ.

ಅಲ್ಲಿಗೆ ಹೋದ ಎರಡನೆಯ ದಿನವೇ ಅವಳ ಫೋನ್ ಮತ್ತು ಆಧಾರ್ ಕಾರ್ಡ್ ತೆಗೆದಿಟ್ಟುಕೊಂಡರು. ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಎರಡು ಮನೆಗಳ ಕೆಲಸ, ಹೊರಗಿನಿಂದ ಬೀಗ. ಸಂಬಳ ಕೇಳಿದರೆ ಮುಂಗಡಕ್ಕೆ ವಜಾ ಆಗುತ್ತಿದೆ ಎಂಬ ಉತ್ತರ, ಊರಿಗೆ ಹೋಗುತ್ತೇನೆಂದರೆ ಮುಂಗಡದ ಜೊತೆಗೆ ಏಜೆಂಟರ ಕಮಿಷನ್ನೂ ಕಟ್ಟಿ ಹೋಗು ಎಂಬ ಮಾತು. ವಾರಕ್ಕೊಮ್ಮೆ ಸ್ಪೀಕರ್ ಹಾಕಿ, ಎದುರಿಗೆ ನಿಂತು ಮಾತಾಡಿಸುತ್ತಿದ್ದರು. ಐದನೆಯ ತಿಂಗಳಲ್ಲಿ ತರಕಾರಿ ಗಾಡಿಯವರ ಫೋನಿನಿಂದ ಎರಡು ನಿಮಿಷ ಮಾತಾಡಿ ಅವಳು ನಮಗೆ ನಿಜ ತಿಳಿಸಿದಳು.

ಮರುದಿನವೇ ಭಾವ ಮತ್ತು ನಾನು ಇಲ್ಲಿನ ಠಾಣೆಯೊಂದಕ್ಕೆ ಹೋದೆವು. ಅಲ್ಲಿದ್ದವರು ಹೇಳಿದ್ದು ಮೂರು ಮಾತು: ಹುಡುಗಿ ಮೇಜರ್, ಒಪ್ಪಿಯೇ ಹೋಗಿದ್ದಾಳೆ. ಕೃತ್ಯ ನಡೆದದ್ದು ಬೆಂಗಳೂರಿನಲ್ಲಿ, ಅಲ್ಲಿಗೇ ಹೋಗಿ. ದುಡ್ಡು ಪಡೆದವರು ತಂದೆ, ಕೇಸಾದರೆ ಅವರೇ ಸಿಕ್ಕಿಬೀಳುತ್ತಾರೆ. ಮೂರನೆಯ ಮಾತಿಗೆ ಭಾವನ ಮುಖ ಬಿಳಿಚಿಕೊಂಡಿತು. ಬರೆದದ್ದೇನನ್ನೂ ಕೊಡದೆ ನಾವು ಹಿಂದಿರುಗಿದೆವು. ಆ ಮೂರರಲ್ಲಿ ಒಂದೂ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ನಮಗೆ ಅಂದು ತಿಳಿದಿರಲಿಲ್ಲ. ಈ ಬರಹ ಬಹುಮಟ್ಟಿಗೆ ಅದಕ್ಕಾಗಿಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಂ ಮಾನವ ಕಳ್ಳಸಾಗಣೆಗೆ ಸಂಬಂಧಿಸಿದ್ದು, ಹಳೆಯ ದಂಡ ಸಂಹಿತೆಯಲ್ಲಿ ಇದು 370ನೆಯ ಕಲಂ ಆಗಿತ್ತು. ಶೋಷಣೆಯ ಉದ್ದೇಶದಿಂದ, ಬೆದರಿಕೆ, ಮೋಸ ಅಥವಾ ಆಮಿಷದ ಮೂಲಕ ಒಬ್ಬರನ್ನು ನೇಮಿಸಿಕೊಂಡರೆ, ಸಾಗಿಸಿದರೆ ಅಥವಾ ಇರಿಸಿಕೊಂಡರೆ ಅದು ಕಳ್ಳಸಾಗಣೆ. ಅದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ 10 ವರ್ಷ ಕಠಿಣ ಸಜೆ. ಸಂತ್ರಸ್ತರ ಒಪ್ಪಿಗೆ ಇತ್ತೇ ಇಲ್ಲವೇ ಎಂಬುದು ಗಣನೆಗೆ ಬರುವುದಿಲ್ಲ ಎಂದು ಕಲಂನಲ್ಲಿಯೇ ವಿವರಣೆಯಿದೆ. ಆ ವ್ಯಕ್ತಿಯ ಮೇಲೆ ಹಿಡಿತವಿರುವವರಿಗೆ ಹಣ ಕೊಟ್ಟು ಒಪ್ಪಿಗೆ ಪಡೆಯುವುದನ್ನು ಕೂಡ ಅಪರಾಧದ ಒಂದು ಮಾರ್ಗವೆಂದೇ ಅದು ಹೆಸರಿಸುತ್ತದೆ. ಅಂದರೆ ಭಾವನಿಗೆ ಕೊಟ್ಟ 30,000 ಆ ಹೆಂಗಸಿನ ವಿರುದ್ಧದ ಸಾಕ್ಷ್ಯವಾಗಿತ್ತು. ನಾವು ಅದನ್ನೇ ನಮ್ಮ ತಪ್ಪೊಪ್ಪಿಗೆ ಎಂದುಕೊಂಡು ಬಾಯಿ ಮುಚ್ಚಿಕೊಂಡೆವು.

ಇನ್ನು ಠಾಣೆಯ ಸರಹದ್ದಿನ ವಿಷಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದಕ್ಕೇ ಝೀರೋ ಎಫ್‌ಐಆರ್ ಎನ್ನುತ್ತಾರೆ. 143ನೆಯ ಕಲಂನ ದೂರನ್ನು ದಾಖಲಿಸಿಕೊಳ್ಳದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೆಯ ಕಲಂನಡಿ 6 ತಿಂಗಳಿಂದ 2 ವರ್ಷದವರೆಗೆ ಸಜೆಯಾಗಬಹುದು. ಠಾಣೆಯಲ್ಲಿ ನಿರಾಕರಿಸಿದರೆ ದೂರನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬೇಕು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ದಯವಿಟ್ಟು ಬಾಯಿಮಾತಿನ ದೂರು ಹೇಳಿ ಬಾಯಿಮಾತಿನ ಉತ್ತರ ಪಡೆದು ಬರಬೇಡಿ.

ಅದಕ್ಕಿಂತ ದೊಡ್ಡ ಪೆಟ್ಟು ನಮಗೆ ಬಿದ್ದದ್ದು ಬಿಡಿಸಿ ತಂದ ರೀತಿಯಿಂದ. ಮುಂಗಡ ಕೊಟ್ಟು, ಅದು ತೀರುವವರೆಗೆ ಹೊರಗೆ ಬಿಡದೆ ದುಡಿಸಿಕೊಳ್ಳುವುದಕ್ಕೆ ಕಾನೂನಿನಲ್ಲಿ ಇರುವ ಹೆಸರು ಜೀತ. ಜೀತವೆಂದರೆ ಹಿಂದೆ ಗೌಡರ ಮನೆಯಲ್ಲಿ ಇದ್ದದ್ದು ಎಂದು ನಾವು ತಿಳಿದಿದ್ದೆವು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಮನೆಗೆಲಸವೂ ಒಂದೇ, ಇಟ್ಟಿಗೆ ಭಟ್ಟಿಯೂ ಒಂದೇ. ಆ ಕಾಯ್ದೆಯಂತೆ ಅಂಥ ಸಾಲ ತಾನಾಗಿಯೇ ರದ್ದಾಗುತ್ತದೆ, ರದ್ದಾದ ಸಾಲಕ್ಕೆ ಹಣ ತೆಗೆದುಕೊಳ್ಳುವುದೇ ಶಿಕ್ಷಾರ್ಹ. ನಾವಾದರೋ ಉಳಿದ ಬಾಕಿಯೆಂದು ಗೇಟಿನ ಬಳಿ 20,000 ಎಣಿಸಿಕೊಟ್ಟು, ನಮ್ಮದೇನೂ ತಕರಾರಿಲ್ಲ ಎಂದು ಛಾಪಾ ಕಾಗದಕ್ಕೆ ಸಹಿ ಹಾಕಿ ಬಂದೆವು.

ಉಪವಿಭಾಗಾಧಿಕಾರಿಗೋ ಜಿಲ್ಲಾಧಿಕಾರಿಗೋ ತಿಳಿಸಿದ್ದರೆ ಅವರು ಸ್ಥಳಕ್ಕೆ ಬಂದು, ಹೇಳಿಕೆ ಪಡೆದು, ಬಿಡುಗಡೆ ಪ್ರಮಾಣಪತ್ರ ಕೊಡುತ್ತಿದ್ದರು. ಕೇಂದ್ರದ 2016ರ ಪುನರ್ವಸತಿ ಯೋಜನೆಯಲ್ಲಿ ಈಗ 30,000 ರೂಪಾಯಿವರೆಗಿನ ತಕ್ಷಣದ ನೆರವಿದೆ. ಇದಕ್ಕಾಗಿ ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಅದಲ್ಲದೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಪುನರ್ವಸತಿ ಧನವಿದೆ. ನಮ್ಮ ಕೈಯಲ್ಲಿ ಪ್ರಮಾಣಪತ್ರವೇ ಇಲ್ಲ. ಈಗ ಆ ಮನೆಯವರು ಬೇರೆಡೆಗೆ ಹೋಗಿದ್ದಾರೆ, ತರಕಾರಿ ಗಾಡಿಯವರ ಸುಳಿವಿಲ್ಲ. ಎದುರಿನವರ ವಕೀಲರ ಬಳಿ ನಮ್ಮದೇ ಸಹಿ ಇರುವ ಛಾಪಾ ಕಾಗದವಿದೆ. ಈ ಅಪರಾಧ ರಾಜಿಗೆ ಒಳಪಡುವಂಥದ್ದಲ್ಲವಾದ್ದರಿಂದ ಆ ಕಾಗದ ಪ್ರಕರಣವನ್ನು ಮುಗಿಸಲಾರದು. ಆದರೆ ಅದನ್ನು ಮುಂದಿಟ್ಟುಕೊಂಡು ಹುಡುಗಿಯ ಮಾತನ್ನೇ ಸುಳ್ಳೆನ್ನಲು ಅವರು ಹೊರಟಿದ್ದಾರೆ.

ಪ್ರಾಧಿಕಾರದ ನೆರವಿನಿಂದ ಕೊನೆಗೂ ಎಫ್‌ಐಆರ್ ಆಯಿತು, ಮ್ಯಾಜಿಸ್ಟ್ರೇಟರ ಮುಂದೆ ಅವಳ ಹೇಳಿಕೆಯೂ ಆಯಿತು. ಕರ್ನಾಟಕದ 2011ರ ಸಂತ್ರಸ್ತರ ಪರಿಹಾರ ಯೋಜನೆಯಲ್ಲಿ ಅರ್ಜಿ ಹಾಕಿದ್ದೇವೆ. ಆರೋಪಿ ಪತ್ತೆಯಾಗದಿದ್ದರೂ ಈ ಪರಿಹಾರ ಕೇಳಬಹುದು. ವಕೀಲರಿಗೆ ನಾವು ಒಂದು ರೂಪಾಯಿ ಕೊಟ್ಟಿಲ್ಲ. ಕಳ್ಳಸಾಗಣೆಗೆ ಒಳಗಾದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ನೆರವಿನ ಹಕ್ಕಿದೆ, ಅದಕ್ಕೆ 15100ಕ್ಕೆ ಕರೆ ಮಾಡಬಹುದು. ಎಲ್ಲಿಯೋ ಸಿಕ್ಕಿಬಿದ್ದವರ ಕರೆ ಬಂದರೆ ಮೊದಲು 112, ಮಹಿಳೆಯರಿಗೆ 181, ಹದಿನೆಂಟರ ಒಳಗಿನ ಮಕ್ಕಳಿಗೆ 1098.

ಇಷ್ಟೊಂದು ಕಾಯ್ದೆಗಳ ಹೆಸರು ಹೇಳಬೇಕಾಗಿ ಬಂದದ್ದಕ್ಕೂ ಒಂದು ಕಾರಣವಿದೆ. ರಕ್ಷಣೆ ಮತ್ತು ಪುನರ್ವಸತಿ ಎರಡನ್ನೂ ಒಂದೇ ಕಡೆ ತರಬೇಕಿದ್ದ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಗಿ, ರಾಜ್ಯಸಭೆಯನ್ನು ದಾಟದೆ 2019ರಲ್ಲಿ ಬಿದ್ದುಹೋಯಿತು. ಮನೆಗೆಲಸಕ್ಕೆ ಜನರನ್ನು ಕಳುಹಿಸುವ ಏಜೆನ್ಸಿಗಳು ನೋಂದಾಯಿಸಿಕೊಳ್ಳಲೇಬೇಕೆಂದು ಛತ್ತೀಸಗಡ 2013ರಲ್ಲಿ, ಜಾರ್ಖಂಡ್ 2016ರಲ್ಲಿ ಕಾನೂನು ಮಾಡಿಕೊಂಡವು. ಅಡಿಕೆ ಕೈಕೊಟ್ಟ ವರ್ಷ ಮಲೆನಾಡಿನ ಮನೆಗಳಿಗೆ ಮುಂಗಡ ಹಿಡಿದು ಬರುವವರಿಗೂ ಅಂಥದೊಂದು ಕಡಿವಾಣ ಬೇಕು ಎಂದು ನಮ್ಮ ಶಾಸಕರನ್ನು ನಾವು ಕೇಳಬೇಕು.

ಕಳೆದ ವಾರ ಪಕ್ಕದ ಗ್ರಾಮದವರೊಬ್ಬರು ನನಗೆ ಫೋನ್ ಮಾಡಿ ಅದೇ ಹೆಂಗಸಿನ ಹೆಸರು ಹೇಳಿ, ಹೇಗಿದ್ದಾರೆ ಎಂದು ವಿಚಾರಿಸಿದರು. ಮುಂಗಡ ತೆಗೆದುಕೊಂಡಾಗಿತ್ತು, ಅವರ ಮಗಳು ಹೊರಡಲು ನಾಲ್ಕು ದಿನವಿತ್ತು. ನಾವು ರಾತ್ರಿ ಹೊತ್ತು ಗುಟ್ಟಾಗಿ ಬಂದಿದ್ದರಿಂದ ಅವರಿಗೆ ಏನೂ ಗೊತ್ತಿರಲಿಲ್ಲ.