ಜಿಪ್ಸಿಗೆ ಜಾಸ್ತಿ ಸಿಸಿ: ರಿಬೋರ್, ಸ್ಟ್ರೋಕರ್, ಬಲೆನೋ ಎಂಜಿನ್

ಮಾರುತಿ ಜಿಪ್ಸಿಯ ಸಿಸಿ, ಅಂದರೆ ಎಂಜಿನ್ ಗಾತ್ರ, ಹೆಚ್ಚಿಸಲು ನಾನು ನೋಡಿದ ದಾರಿ ಮೂರು: ಸಿಲಿಂಡರ್ ಅಗಲ ಮಾಡುವ ರಿಬೋರ್, ಪಿಸ್ಟನ್ ಓಡುವ ದೂರ ಹೆಚ್ಚಿಸುವ ಸ್ಟ್ರೋಕರ್, ಇಲ್ಲವೇ ಹಳೇ ಬಲೆನೋ ಕಾರಿನ 1.6 ಲೀಟರ್ ಎಂಜಿನ್ನನ್ನೇ ತಂದು ಹಾಕುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಲೆನೋ 1.6ಕ್ಕೆ. ಆದರೆ ದುಡ್ಡು ಸುರಿದದ್ದು ಸ್ಟ್ರೋಕರ್‌ಗೆ. ಹಾಗಾಗಿ ಮುಂದೆ ಓದುವಾಗ ಸ್ವಲ್ಪ ಹೊಟ್ಟೆಯುರಿ ಕಂಡರೆ ಸಹಿಸಿಕೊಳ್ಳಿ.

ನನ್ನದು ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್ ಇರುವ) ಜಿಪ್ಸಿ ಕಿಂಗ್. ತಿಂಗಳಿಗೊಮ್ಮೆ ಪುಣೆಯಿಂದ ಬೆಳಗಾವಿಗೆ ಹೋಗಿ ಬರುತ್ತೇವೆ. ಬರುವಾಗ ಸುರಂಗ ಇದೆ, ಚಿಂತೆಯಿಲ್ಲ. ಹೋಗುವಾಗ ಖಂಬಾಟ್ಕಿ ಘಾಟ್ ಏರುತ್ತೇವೆ. ನಾಲ್ಕು ಜನ, ಹಿಂದೆ ಸಾಮಾನು. ಮೂರನೇ ಗೇರ್‌ನಲ್ಲಿ ಗಾಡಿಗೆ ಸುಸ್ತು, ಎರಡಕ್ಕೆ ಹಾಕಿದರೆ ಎಂಜಿನ್ ಅರಚುತ್ತದೆ. ಇದರ ಟಾರ್ಕ್, ಅಂದರೆ ಎಳೆಯುವ ಬಲ, ಇರುವುದೇ 103 ಎನ್‌ಎಂ, ಅದೂ ಪೂರ್ತಿ ಸಿಗುವುದು 4500 ಆರ್‌ಪಿಎಂಗೆ ಹೋದಾಗ. ಹಿಂದಿನ ಲಾರಿಯವನು ಹಾರ್ನ್ ಒತ್ತುತ್ತಾನೆ, ಪಕ್ಕದಲ್ಲಿ ಕೂತ ಹೆಂಡತಿ ನನ್ನ ಮುಖ ನೋಡುತ್ತಾಳೆ.

ಮೊದಲು ಮಾಡಿಸಿದ್ದು ರಿಬೋರ್. ಹೇಗೂ ಹೊಗೆ ಬರುತ್ತಿತ್ತು. 74 ಮಿ.ಮೀ. ಬೋರನ್ನು, ಅಂದರೆ ಸಿಲಿಂಡರಿನ ಅಗಲವನ್ನು, 74.5 ಮಾಡಿ, 0.50 ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಹೊಗೆ ನಿಂತಿತು. ಸಿಸಿ ಎಷ್ಟು ಏರಿತು ಗೊತ್ತಾ? 18. ಕೆಮ್ಮಿನ ಔಷಧಿಯ ಎರಡು ಮುಚ್ಚಳದಷ್ಟು. ಘಾಟ್‌ನಲ್ಲಿ ಏನೂ ಗೊತ್ತಾಗಲಿಲ್ಲ. ರಿಪೇರಿ ಅಂತ ಒಳ್ಳೆಯದು, ಶಕ್ತಿಗೆ ಅಂತ ಮಾಡಿಸಿದರೆ ಸುಮ್ನೆ.

ಆಮೇಲೆ ಸ್ಟ್ರೋಕರ್ ಹುಚ್ಚು ಹಿಡಿಯಿತು. ಬೋರ್ ಅಗಲ ಮಾಡಲು ಜಾಗ ಕಮ್ಮಿ, ಗೋಡೆ ತೆಳ್ಳಗಾಗುತ್ತದೆ. ಅದರ ಬದಲು ಪಿಸ್ಟನ್ ಓಡುವ ದೂರವನ್ನೇ ಹೆಚ್ಚಿಸುವುದು. ಪಿಸ್ಟನ್ನಿನ ರಾಡ್ ಬಂದು ಕ್ರ್ಯಾಂಕ್‌ಶಾಫ್ಟ್‌ಗೆ ಸೇರುವ ಕ್ರ್ಯಾಂಕ್ ಪಿನ್ 42 ಮಿ.ಮೀ. ದಪ್ಪ ಇದೆ. ಅದನ್ನು ಮಧ್ಯಕ್ಕೆ ಸರಿಯಾಗಿ ಉಜ್ಜದೆ ಒಂದು ಬದಿಗೆ ಸರಿಸಿ 38ಕ್ಕೆ ಇಳಿಸಿದರೆ, ಪಿನ್ನಿನ ಕೇಂದ್ರ 2 ಮಿ.ಮೀ. ಹೊರಗೆ ಹೋಗುತ್ತದೆ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ಸ್ಟ್ರೋಕ್ 4 ಮಿ.ಮೀ. ಜಾಸ್ತಿ. 75.5 ಇದ್ದದ್ದು 79.5. ಬೋರ್ 75 ಮಾಡಿದರೆ ಸುಮಾರು 1405 ಸಿಸಿ. ಕಾಗದದ ಮೇಲೆ ಎಷ್ಟು ಚೆಂದ ಅಲ್ವಾ?

ಭೋಸರಿಯಲ್ಲಿ ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವವರು ಇಂಡಿ ಕಡೆಯವರು. ಕನ್ನಡ ಕೇಳಿದ್ದೇ ತಡ, ಚಹಾ ತರಿಸಿದರು. ಅವರು ಎರಡು ಮಾತು ಹೇಳಿದರು. ಒಂದು, "ಸರ, ನಿಮ್ಮ ಕ್ರ್ಯಾಂಕ್ ಮುಟ್ಟೂದು ಬ್ಯಾಡ, ಹಳೇದೊಂದು ತರ್ರಿ." ನಾನಾ ಪೇಠದಲ್ಲಿ ಹುಡುಕಿ ತಂದೆ. ಎರಡು, "ಸ್ಟ್ರೋಕ್ ನಾಕು ಏರಿದ್ರ ಪಿಸ್ಟನ್ ಎರಡು ಮ್ಯಾಲೆ ಬರ್ತದ. ಪಿಸ್ಟನ್ ಮಾಡವ್ರಿಗೆ ಪಿಸ್ಟನ್ ಪಿನ್ನಿನ ತೂತು ಎರಡು ಮ್ಯಾಲೆ ಕೊರೀರಿ ಅಂತ ಬರದು ಕೊಡ್ರಿ, ಬಾಯಿಮಾತಿನ್ಯಾಗ ಹೇಳಬ್ಯಾಡ್ರಿ."

ನಾನು ಫೋನಿನಲ್ಲಿ ಹೇಳಿದೆ.

ಪಿಸ್ಟನ್ ಬರಲು ಏಳು ವಾರ. ಬಂದಾಗ ನೋಡಲು ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿದ್ದವು. ತೂತು 1.5 ಮಿ.ಮೀ. ಮಾತ್ರ ಮೇಲಿತ್ತು. ನಮಗೆ ಗೊತ್ತಾಗಲಿಲ್ಲ, ಅಳೆಯಲೂ ಇಲ್ಲ. ಸಿಲಿಂಡರ್‌ಗಳ ಮುಚ್ಚಳವಾದ ಹೆಡ್ ಕೂರಿಸಿ ಬಿಗಿ ಮಾಡಿದೆವು. ಸ್ಟಾರ್ಟ್ ಆಯಿತು. ಗ್ಯಾರೇಜಿನ ಹುಡುಗರಿಗೆಲ್ಲ ವಡಾಪಾವ್ ಕೊಡಿಸಿದೆ.

ಖಂಬಾಟ್ಕಿಯ ಎರಡನೇ ತಿರುವಿನಲ್ಲಿ ಸದ್ದು ಶುರುವಾಯಿತು. ಡಬ್ಬಿಯಲ್ಲಿ ಶೇಂಗಾ ಹಾಕಿ ಅಲ್ಲಾಡಿಸಿದ ಹಾಗೆ. ಕಾಲು ತೆಗೆದರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ. ಪೆಟ್ರೋಲ್ ಕೆಟ್ಟದಿರಬೇಕು ಅಂದುಕೊಂಡು ಸಾತಾರಾದಲ್ಲಿ ಬೇರೆ ಬಂಕಿನಲ್ಲಿ ತುಂಬಿಸಿದೆ. ಅದೇ ಸದ್ದು. ಕಿಡಿ ಹಾರುವ ಟೈಮಿಂಗ್ ಹಿಂದೆ ಸರಿಸಿದೆವು. ಸದ್ದು ಕಮ್ಮಿಯಾಯಿತು, ಜೊತೆಗೆ ಎಳೆತವೂ ಹೋಯಿತು. ನೂರಾರು ರೂಪಾಯಿ ಜಾಸ್ತಿ ಕೊಟ್ಟು ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿದಾಗ ಮಾತ್ರ ಸುಮ್ಮನಿರುತ್ತಿತ್ತು. ಒಂದೂವರೆ ತಿಂಗಳು ಹೀಗೇ ಓಡಿಸಿದೆ, ಕಿವಿ ಪೂರ್ತಿ ಬಾನೆಟ್ ಕಡೆಗೆ. ಮಗಳು ಹಾಡು ಹಾಕಿದರೂ ಬೈಯುತ್ತಿದ್ದೆ.

ಕೊನೆಗೆ ಹೆಡ್ ಬಿಚ್ಚಿದೆವು. ಮಗಳ ಆಟದ ಕ್ಲೇ ತಂದು ಪಿಸ್ಟನ್ ತಲೆ ಮೇಲೆ ಉಂಡೆ ಇಟ್ಟು, ಹಳೇ ಗ್ಯಾಸ್ಕೆಟ್ ಹಾಕಿ, ಹೆಡ್ ಕೂರಿಸಿ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದೆವು. ಮತ್ತೆ ತೆಗೆದು ನೋಡಿದರೆ ಕ್ಲೇ ಹಪ್ಪಳವಾಗಿತ್ತು. ಪಿಸ್ಟನ್ ಬ್ಲಾಕಿನಿಂದ ಅರ್ಧ ಮಿ.ಮೀ. ಹೊರಗೆ ಬರುತ್ತಿತ್ತು. ಸ್ಟ್ರೋಕ್ ಏರಿದ್ದಕ್ಕೇ ಕಂಪ್ರೆಶನ್ (ಗಾಳಿ, ಪೆಟ್ರೋಲನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) ಏರಿತ್ತು, ಮೇಲೆ ಈ ಅರ್ಧ ಬೇರೆ. 9ರ ಹತ್ತಿರ ಇದ್ದದ್ದು 10 ದಾಟಿತ್ತು. ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಆ ಶೇಂಗಾ ಸದ್ದು, ಆಗದೆ ಇನ್ನೇನಾಗುತ್ತದೆ? ಅದೃಷ್ಟಕ್ಕೆ ಹೆಡ್‌ಗೆ ಬಡಿದಿರಲಿಲ್ಲ. ಪಿಸ್ಟನ್ ಮಾಡಿದವರು "ನೀವು ಒಂದೂವರೆ ಅಂದಿದ್ರಿ" ಅಂದರು. ಬರೆದು ಕೊಟ್ಟಿರಲಿಲ್ಲವಲ್ಲ, ಏನು ಹೇಳಲಿ? ಇನ್ನೊಂದು ಸೆಟ್, ಇನ್ನಾರು ವಾರ. ಈ ಸಲ ತಲೆಯಲ್ಲಿ ಸ್ವಲ್ಪ ಕುಳಿಯನ್ನೂ ತೆಗೆಸಿದೆ. ವಿಶೇಷ ರಾಡ್, ಉಜ್ಜಿದ ಕ್ರ್ಯಾಂಕ್ ಗಟ್ಟಿ ಮಾಡುವ ನೈಟ್ರೈಡಿಂಗ್, ಬ್ಯಾಲೆನ್ಸಿಂಗ್, ಎರಡೆರಡು ಸಲ ಗ್ಯಾಸ್ಕೆಟ್ ಎಲ್ಲ ಸೇರಿ 1.4 ಲಕ್ಷ ಹೋಯಿತು.

ಸುಳ್ಳು ಹೇಳಬಾರದು, ಸರಿಯಾದ ಮೇಲೆ ಚೆನ್ನಾಗಿಯೇ ಓಡಿತು. ಮೂರನೇ ಗೇರ್‌ನಲ್ಲೇ ಘಾಟ್ ಹತ್ತಿತು. ಮೈಲೇಜ್ ಬಗ್ಗೆ ಕೇಳಬೇಡಿ.

ಅಷ್ಟರಲ್ಲಿ ಷಡ್ಡಕರ ಜಿಪ್ಸಿ ಓಡಿಸಿದೆ. ಮುಳಶಿ ಕಡೆ ಅವರ ಹೊಲವಿದೆ, ಗಾಡಿ ಅಲ್ಲಿನ ಕೆಸರಿಗೆ ಮಾತ್ರ. ಅದಕ್ಕೆ ಹಳೇ ಬಲೆನೋದ 1590 ಸಿಸಿ ಎಂಜಿನ್ ಹಾಕಿಸಿದ್ದಾರೆ, 1999ರಲ್ಲಿ ಬಂದ ಆ ಸೆಡಾನ್‌ನದು. ಅದರ ಬೋರ್ 75, ಸ್ಟ್ರೋಕ್ 90. ಅಂದರೆ ನಮ್ಮದಕ್ಕಿಂತ ಬೋರ್ ಒಂದೇ ಮಿ.ಮೀ. ಜಾಸ್ತಿ, ಸ್ಟ್ರೋಕ್ 14.5 ಜಾಸ್ತಿ. ನಾನು ಭೋಸರಿಯಲ್ಲಿ ನಾಲ್ಕು ಮಿ.ಮೀ.ಗೆ ಒದ್ದಾಡುತ್ತಿದ್ದಾಗ, ಅದೇ ಕುಟುಂಬದ ಎಂಜಿನ್ನಿಗೆ ಸುಜುಕಿಯೇ ಎತ್ತರದ ಬ್ಲಾಕ್ ಕೊಟ್ಟು ಸ್ಟ್ರೋಕರ್ ಮಾಡಿ ಮಾರಿತ್ತು! ಪಿಸ್ಟನ್ ಹಾಳಾದರೆ ಅಂಗಡಿಯಲ್ಲಿ ಕೇಳಿ ತರಬಹುದು. ಬಲೆನೋದಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಹಾಗಾಗಿ ಮೌಂಟಿಂಗ್, ನೀರಿನ ಪೈಪು, ವೈರಿಂಗ್ ಕೆಲಸ ಇದೆ. ಆದರೂ ಅವರ ಖರ್ಚು ನನಗಿಂತ ಕಮ್ಮಿ. ಎರಡನೇ ಗೇರ್‌ನಲ್ಲಿ ಐಡಲ್‌ಗಿಂತ ಸ್ವಲ್ಪ ಮೇಲಿಟ್ಟರೆ ಸಾಕು, ಕೆಸರಿನಿಂದ ಎಮ್ಮೆ ಎದ್ದು ಬಂದ ಹಾಗೆ ಬರುತ್ತದೆ. ನನಗೆ ಅಳು ಬರುವುದೊಂದು ಬಾಕಿ.

ಹಾಗಾದರೆ ನಾನೂ ಅದನ್ನೇ ಹಾಕಿಸಬೇಕಿತ್ತಾ? ನನ್ನದು ರಸ್ತೆ ಗಾಡಿ. ಆರ್‌ಸಿಯಲ್ಲಿ ಎಂಜಿನ್ ನಂಬರೂ ಇದೆ, 1298 ಸಿಸಿ ಅಂತಲೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯ ಮೂಲ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಸ್ಟ್ರೋಕರ್‌ನಲ್ಲಿ ಎಂಜಿನ್ ನಂಬರ್ ಬದಲಾಗಲ್ಲ, ಹೊರಗಿನಿಂದ ಯಾರಿಗೂ ಕಾಣಲ್ಲ, ಅದಕ್ಕೇ ಜನ ಧೈರ್ಯ ಮಾಡುತ್ತಾರೆ. ನಾನೂ ಮಾಡಿದೆ. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಏನಾದರೂ ಆಗಿ ಇನ್ಶೂರೆನ್ಸ್‌ನವರು ಎಂಜಿನ್ ಬಿಚ್ಚಿಸಿದರೆ? ಈ ಯೋಚನೆ ಒಂದು ಸಲ ಹೊಕ್ಕ ಮೇಲೆ ಘಾಟ್‌ನಲ್ಲಿ ಖುಷಿಯೇ ಉಳಿಯಲಿಲ್ಲ.

ಹೊಲಕ್ಕೋ ಕೆಸರಿಗೋ ಮಾತ್ರ ಬೇಕಿದ್ದರೆ ಕಣ್ಣು ಮುಚ್ಚಿ 1.6 ಹಾಕಿಸಿ. ನನ್ನ ಹಾಗೆ ಸಂಸಾರ ಕಟ್ಟಿಕೊಂಡು ಎಂಬತ್ತರ ವೇಗದಲ್ಲಿ ಊರಿಗೆ ಹೋಗುವವರು ರಿಬೋರ್ ಮಾಡಿಸಿ, ಎರಡನೇ ಗೇರ್ ಹಾಕಿ, ಲಾರಿಯವನಿಗೆ ದಾರಿ ಬಿಡಿ. ಇಂಡಿಯವರ ಮಾತು ಕೇಳಿದ್ದಕ್ಕೆ ನನ್ನ ಹಳೇ ಕ್ರ್ಯಾಂಕ್ ಎಣ್ಣೆ ಬಟ್ಟೆ ಸುತ್ತಿಕೊಂಡು ಮಂಚದ ಕೆಳಗಿತ್ತು. ಕಳೆದ ತಿಂಗಳು ಅದನ್ನೇ ವಾಪಸ್ ಹಾಕಿಸಿದೆ, ಒಂದು ಮಿ.ಮೀ. ಓವರ್‌ಸೈಜ್‌ನ ಮಾಮೂಲಿ ಪಿಸ್ಟನ್ ಜೊತೆ.

38ರ ಕ್ರ್ಯಾಂಕ್ ಪಿನ್ನಿಗೆ ಹೊಂದುವ ನಾಲ್ಕು ರಾಡ್, ಉಜ್ಜಿದ ಕ್ರ್ಯಾಂಕ್, ಎರಡು ಸೆಟ್ ಪಿಸ್ಟನ್ ಮನೆಯಲ್ಲಿವೆ. ಯಾರಿಗಾದರೂ ಬೇಕಿದ್ದರೆ ಒಯ್ಯಿರಿ. ಒಂದು ಸೆಟ್ ಪೆನ್ನು ಇಡಲು ಚೆನ್ನಾಗಿದೆ.